ಕಲ್ಲಂಗಡಿ ಬಳ್ಳಿ ಕಾಯಿ ಹಿಡಿಯದಿದ್ದರೆ

(ರೈತರ ಕೂಟವೊಂದರಲ್ಲಿ ಮಾಡಿದ ಭಾಷಣ)



ಭತ್ತದ ಕೊಯ್ಲು ಮುಗಿದು ಗದ್ದೆ ಬರಿದಾಗಿದೆ. ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ಈ ನಾಲ್ಕೂ ಕಡೆಯಿಂದ ಬಂದು ಇಲ್ಲಿ ಕುಳಿತಿರುವ ನಿಮ್ಮಲ್ಲಿ ಬಾವಿ ಅಥವಾ ಬೋರಿನ ನೀರಿರುವ ಕೆಲವರು ಗದ್ದೆಯಲ್ಲಿ ಕಲ್ಲಂಗಡಿ ಹಾಕುತ್ತೀರಿ. ಉಳಿದವರು ಹಿತ್ತಲಲ್ಲಿ, ಪಾತ್ರೆ ತೊಳೆದ ನೀರು ಹರಿಯುವಲ್ಲಿ, ಮಕ್ಕಳ ಬಾಯಿಗಾಗಲಿ ಎಂದು ನಾಲ್ಕು ಬೀಜ ಊರುತ್ತೀರಿ. ಹೀಗೆ ಮನೆಮಟ್ಟಿಗೆ ಬೆಳೆಯುವ ಕಲ್ಲಂಗಡಿಗೆ ಬರುವ ತೊಡಕುಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದಾರೆ. ನಾನು ಪಂಡಿತನಲ್ಲ. ನಿಮ್ಮ ಹಾಗೆಯೇ ಹನ್ನೆರಡು ಗುಂಟೆಯಲ್ಲಿ ಈ ಬೆಳೆ ಮಾಡಿ, ಕೈ ಸುಟ್ಟುಕೊಂಡು ಕಲಿತವನು.

ಕೂಟಕ್ಕೆ ಮೊದಲು ನಿಮ್ಮಲ್ಲಿ ಹಲವರು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಟ್ಟಿದ್ದೀರಿ. ಎಲ್ಲವನ್ನೂ ಓದಿದೆ. ಹೂ ಬಿಟ್ಟು ಉದುರುತ್ತದೆ, ಮಿಡಿ ಹಳದಿಯಾಗಿ ಬೀಳುತ್ತದೆ, ಕಾಯಿ ಸೊಟ್ಟಗಾಗುತ್ತದೆ, ತುದಿ ಕಪ್ಪಾಗಿ ಕೊಳೆಯುತ್ತದೆ, ಹಣ್ಣು ಬಿರಿಯುತ್ತದೆ, ಕೆಂಪಾದರೂ ಸಿಹಿಯಿಲ್ಲ ಎಂದೆಲ್ಲ ಬರೆದಿದ್ದೀರಿ. ಹೆಚ್ಚುಕಡಿಮೆ ಎಲ್ಲ ಚೀಟಿಗಳ ಕೊನೆಗೂ ಒಂದೇ ಮಾತು ಇದೆ: ಯಾವ ಔಷಧ ಹೊಡೆಯಬೇಕು? ನೀವು ಬರೆದ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ರೋಗವೇ ಅಲ್ಲ. ಅವಕ್ಕೆ ಔಷಧವಿಲ್ಲ. ಅಷ್ಟೇ ಅಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದ ಔಷಧವೇ ಅವುಗಳಲ್ಲಿ ಕೆಲವಕ್ಕೆ ಕಾರಣ.

ನನ್ನದೇ ಕತೆ ಹೇಳುತ್ತೇನೆ. ಮೊದಲ ವರ್ಷ ಬೀಜ ಮೊಳೆತು ಎರಡೆಲೆ ಬಿಡುತ್ತಲೇ ಕೆಂಪು ದುಂಬಿ ಬಂದು ಎಲೆಗಳನ್ನು ಜರಡಿ ಮಾಡಿತು. ಅಂಗಡಿಯಿಂದ ಕೀಟನಾಶಕ ತಂದು ಹೊಡೆದೆ. ದುಂಬಿ ಸತ್ತಿತು. ಅದರಿಂದ ನನಗೆ ಧೈರ್ಯ ಬಂತು ನೋಡಿ! ಎಂಟು ದಿನಕ್ಕೊಮ್ಮೆ, ಬಿಸಿಲೇರುವ ಮೊದಲೇ ಆಗಲೆಂದು, ಬೆಳಗ್ಗೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುತ್ತಲೇ ಹೋದೆ. ಹೂ ಬಿಟ್ಟ ಮೇಲೂ ನಿಲ್ಲಿಸಲಿಲ್ಲ. ಬಳ್ಳಿ ಕಂಬಳಿ ಹಾಸಿದಂತೆ ಹಬ್ಬಿತು. ದಾರಿಯಲ್ಲಿ ಹೋಗುವವರು ನಿಂತು ಹೊಗಳಿದರು. ಆದರೆ ಮಿಡಿಗಳು ಅಡಿಕೆ ಗಾತ್ರಕ್ಕೆ ಬಂದು ಹಳದಿಯಾಗಿ ಉದುರತೊಡಗಿದವು. ರೋಗ ಬಂತೆಂದು ಇನ್ನೊಂದು ಔಷಧ ತಂದೆ, ಅದನ್ನೂ ಬೆಳಗ್ಗೆಯೇ ಹೊಡೆದೆ. ಕೊನೆಗೆ ಮಾರಲು ಯೋಗ್ಯವಾದ ಹಣ್ಣು ಎತ್ತಿನ ಗಾಡಿಯ ತಳ ಮುಚ್ಚುವಷ್ಟು ಮಾತ್ರ ಸಿಕ್ಕಿತು. ಬೀಜಕ್ಕೂ ಪೈಪಿಗೂ ಔಷಧಕ್ಕೂ ಮಾಡಿದ ಸಾಲಕ್ಕೆ ಮನೆಯವಳ ಬೆಂಡೋಲೆ ಅಡವಿಟ್ಟದ್ದು ಮುಂದಿನ ಸುಗ್ಗಿಯವರೆಗೂ ಬಿಡಿಸಲಾಗಲಿಲ್ಲ.

ಅದೇ ವರ್ಷ ನಮ್ಮ ಅಕ್ಕನ ಹಿತ್ತಲಲ್ಲಿ, ಗೊಬ್ಬರದ ಗುಂಡಿಯ ಅಂಚಿನಲ್ಲಿ ಮೂರು ಬಳ್ಳಿ ಎದ್ದಿದ್ದವು. ಆಕೆ ಏನನ್ನೂ ಹೊಡೆದವಳಲ್ಲ. ಆ ಮೂರರಲ್ಲಿ ಏಳು ಹಣ್ಣು, ಎಲ್ಲವೂ ಗುಂಡಗೆ ತುಂಬಿದವು. ಅವಳ ದನದ ಕೊಟ್ಟಿಗೆಯ ಗೋಡೆಯ ಸಂದಿನಲ್ಲಿ ತುಡವೆ ಜೇನು ಕೂತಿತ್ತು. ಒಂದು ದಿನ ಬೆಳಗ್ಗೆ ನನ್ನ ಗದ್ದೆಗೆ ಬಂದವಳು ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತು, “ತಮ್ಮಾ, ನಿನ್ನ ಗದ್ದ್ಯಾಗ ಗುಂಯ್ ಅನ್ನೊ ಸಪ್ಪಳಾನ ಇಲ್ಲಲ್ಲೊ” ಎಂದಳು. ಆ ಮಾತಿನ ಅರ್ಥ ನನಗೆ ಆ ಹೊತ್ತಿಗೆ ಆಗಲಿಲ್ಲ. ಬೆಳೆ ಹೋದ ಮೇಲೆ ಆಯಿತು.

ಕಲ್ಲಂಗಡಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಆದರೆ ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ. ಹೆಣ್ಣು ಹೂವಿನ ಕೆಳಗೆ ಗೋಲಿಯಷ್ಟು ಗಾತ್ರದ, ನವುರು ರೋಮದ ಮಿಡಿ ಹುಟ್ಟುವಾಗಲೇ ಇರುತ್ತದೆ. ಗಂಡು ಹೂವಿಗೆ ಬರೀ ತೊಟ್ಟು. ಮೊದಲು ಬರುವುದೆಲ್ಲ ಗಂಡು ಹೂಗಳೇ. ಒಂದು ವಾರ, ಹತ್ತು ದಿನ ಬರೀ ಗಂಡು ಹೂ ಬಿಟ್ಟು ಉದುರಿದರೆ ಗಾಬರಿಯಾಗಬೇಡಿ, ಅದು ಬಳ್ಳಿಯ ಸ್ವಭಾವ. ಆಮೇಲೂ ಐದಾರು ಗಂಡು ಹೂವಿಗೆ ಒಂದರಂತೆ ಮಾತ್ರ ಹೆಣ್ಣು ಹೂ ಕಾಣುತ್ತದೆ. ಯೂರಿಯಾ ಹೆಚ್ಚು ಉಣ್ಣಿಸಿದ ಬಳ್ಳಿ ಎಲೆಯ ಸೊಕ್ಕಿನಲ್ಲೇ ಇದ್ದು ಹೆಣ್ಣು ಹೂವನ್ನು ಇನ್ನೂ ತಡವಾಗಿ ಬಿಡುತ್ತದೆ. ಕೊಟ್ಟಿಗೆ ಗೊಬ್ಬರ ಧಾರಾಳ ಹಾಕಿ. ಯೂರಿಯಾವನ್ನು ಮಣ್ಣು ಪರೀಕ್ಷೆಯಲ್ಲಿ ಹೇಳಿದಷ್ಟೇ, ಅದೂ ಎರಡು ಮೂರು ಕಂತಿನಲ್ಲಿ ಕೊಡಿ.

ಹೆಣ್ಣು ಹೂವಿನ ಆಯುಷ್ಯ ಒಂದೇ ಒಂದು ಬೆಳಗು. ಸೂರ್ಯೋದಯವಾದ ಸ್ವಲ್ಪ ಹೊತ್ತಿಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಂಡರೆ ಮತ್ತೆ ಅರಳುವುದಿಲ್ಲ. ಅಷ್ಟರೊಳಗೆ ಗಂಡು ಹೂವಿನ ಹಳದಿ ಪುಡಿ ಅದಕ್ಕೆ ಮುಟ್ಟಬೇಕು. ಆ ಪುಡಿ ಅಂಟಂಟು, ಗಾಳಿಗೆ ಹಾರುವಂಥದ್ದಲ್ಲ. ಜೇನೇ ಹೊತ್ತು ತರಬೇಕು. ಅದೂ ಒಂದು ಸಲ ಬಂದು ಹೋದರೆ ಸಾಲದು. ಒಂದೊಂದು ಹೆಣ್ಣು ಹೂವಿಗೂ ಎಂಟು ಹತ್ತು ಬಾರಿ ಜೇನು ಬಂದರೆ ಹಣ್ಣು ಸುತ್ತಲೂ ಸಮವಾಗಿ ತುಂಬುತ್ತದೆ. ಏನೂ ಮುಟ್ಟದಿದ್ದರೆ ಮಿಡಿ ಮೂರು ನಾಲ್ಕು ದಿನದಲ್ಲಿ ಸುಕ್ಕಿ ಬೀಳುತ್ತದೆ. ಅರೆಬರೆ ಮುಟ್ಟಿದರೆ ಬೀಜ ಕಟ್ಟಿದ ಬದಿ ಉಬ್ಬಿ, ಕಟ್ಟದ ಬದಿ ಸೊರಗಿ, ಕಾಯಿ ಸೋರೆಬುರುಡೆಯ ಹಾಗೆ ಸೊಟ್ಟಗಾಗುತ್ತದೆ. ಹಣ್ಣಿನೊಳಗೆ ನಡುವೆ ಪೊಳ್ಳು ಬಿಡುವುದಕ್ಕೂ ಅನೇಕ ಸಲ ಇದೇ ಮೂಲ.

ನಾನು ಬೆಳಗ್ಗೆ ಏಳು ಗಂಟೆಗೆ ಪಂಪು ಹಿಡಿದು ಮಾಡುತ್ತಿದ್ದುದೇನು ಎಂದು ಈಗ ನಿಮಗೆ ತಿಳಿದಿರಬೇಕು.

ತುಡವೆ, ಕೋಲುಜೇನು, ಹೆಜ್ಜೇನು, ಆ ಪುಟ್ಟ ಮಿಸರಿ ಇಷ್ಟೆಲ್ಲ ಜೇನು ಇರುವ ಕಾಡಿನ ಮಗ್ಗುಲಲ್ಲಿ ನಾವು ಇದ್ದೇವೆ. ಬಯಲುಸೀಮೆಯ ರೈತ ಇವನ್ನು ಹುಡುಕಿಕೊಂಡು ಹೋಗಬೇಕು, ನಮಗೆ ತಾವಾಗಿ ಬರುತ್ತವೆ. ಅವು ಬರುವ ಹೊತ್ತಿಗೆ ನಾವು ವಿಷ ಎರಚದಿದ್ದರಾಯಿತು. ಹೂ ಬಿಡುವ ಕಾಲದಲ್ಲಿ ಕೀಟನಾಶಕ ಬೇಡವೇ ಬೇಡ. ತಪ್ಪದೇ ಹೊಡೆಯಬೇಕಾಗಿ ಬಂದರೆ ಸಂಜೆ, ಹೂ ಮುಚ್ಚಿ ಜೇನು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ. ಅದರಲ್ಲಿಯೂ ಜೇನಿಗೆ ಅಪಾಯವೆಂದು ಡಬ್ಬಿಯ ಮೇಲೆ ಬರೆದಿರುವುದನ್ನು ಮುಟ್ಟಬೇಡಿ. ಪಕ್ಕದ ಗದ್ದೆಯವರಿಗೂ ಈ ಮಾತು ಹೇಳಿ, ಯಾಕೆಂದರೆ ಜೇನಿಗೆ ನಿಮ್ಮ ಬದು ಯಾವುದು, ಅವರ ಬದು ಯಾವುದು ಎಂಬುದು ಗೊತ್ತಿಲ್ಲ. ಎಳೆ ಸಸಿಗೆ ಕೆಂಪು ದುಂಬಿ ಬಂದಾಗ ಹೂವಿನ್ನೂ ಇರುವುದಿಲ್ಲ. ಇಬ್ಬನಿ ಆರುವ ಮೊದಲು ಒಲೆಯ ಬೂದಿ ಉದುರಿಸಿ, ಜಡಗಟ್ಟಿ ಕುಳಿತ ದುಂಬಿಯನ್ನು ಕೈಯಿಂದ ಹಿಡಿದು ಸೀಮೆಎಣ್ಣೆಯೋ ಸಾಬೂನೋ ಬೆರೆಸಿದ ನೀರಿಗೆ ಹಾಕಿ. ನಾಲ್ಕು ಗುಣಿಗೆ ಇಷ್ಟು ಸಾಕು. ಬೇವಿನ ಬೀಜದ ಕಷಾಯ ಮಾಡುವವರು ಒಂದು ಲೀಟರು ನೀರಿಗೆ 50 ಗ್ರಾಂ ತಿರುಳಿನ ಲೆಕ್ಕ ಹಿಡಿಯಬೇಕು.

ಜೋಯಿಡಾದ ಕಡೆಯವರಿಗೆ ಒಂದು ಮಾತು. ನಿಮ್ಮಲ್ಲಿ ಜನವರಿಯ ಬೆಳಗು ಮಂಜು ಮುಚ್ಚಿರುತ್ತದೆ, ಚಳಿಗೆ ಜೇನು ಹೊರಡುವುದೇ ತಡ. ಅಂಥ ದಿನಗಳಲ್ಲಿ ಕೈಯಿಂದಲೇ ಆ ಕೆಲಸ ಮಾಡಬಹುದು. ಆಗ ತಾನೇ ಅರಳಿದ ಗಂಡು ಹೂ ಕಿತ್ತು, ಅದರ ಎಸಳುಗಳನ್ನು ಹಿಂದಕ್ಕೆ ಮಡಿಸಿ, ಹೆಣ್ಣು ಹೂವಿನ ನಡುವೆ ಮೂರು ಹೋಳಾಗಿ ಕಾಣುವ ಗುಬುಟಿಗೆ ಸುತ್ತಲೂ ಮೆಲ್ಲಗೆ ಸವರಿ. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂ ಬಳಸಿದರೆ ಒಳ್ಳೆಯದು. ಒಂಬತ್ತು ಗಂಟೆಯೊಳಗೆ ಮುಗಿಸಿ, ಸವರಿದ ಹೂವಿನ ತೊಟ್ಟಿಗೆ ಒಂದು ನೂಲು ಕಟ್ಟಿಡಿ. ಯಾವ ದಿನ ಕಟ್ಟಿದಿರಿ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಕೀಳುವಾಗ ಈ ತಾರೀಖು ಉಪಯೋಗಕ್ಕೆ ಬರುತ್ತದೆ. ಹಿತ್ತಲಲ್ಲಿ ಈ ಕೆಲಸ ಹೆಣ್ಣುಮಕ್ಕಳ ಕೈಯಲ್ಲಿ ಚೆನ್ನಾಗಿ ಆಗುತ್ತದೆ. ನಮ್ಮ ಕೈ ಒರಟು.

ಇನ್ನು ಬಿದ್ದ ಮಿಡಿಯ ವಿಷಯ. ಅದನ್ನು ಬೇಲಿಯಾಚೆ ಎಸೆಯಬೇಡಿ. ಔಷಧದಂಗಡಿಗೆ ಹೋಗುವ ಮೊದಲು ಚಾಕು ತೆಗೆದುಕೊಂಡು ಸೀಳಿ ನೋಡಿ. ಒಳಗೆ ಸ್ವಚ್ಛವಾಗಿದ್ದು ಮಿಡಿ ಸಣಕಲಾಗಿ ಹಳದಿಯಾಗಿದ್ದರೆ ಜೇನು ಮುಟ್ಟಿಲ್ಲ ಎಂದು ತಿಳಿಯಿರಿ. ಹೂವಿದ್ದ ತುದಿ ಕಪ್ಪಾಗಿ ಚಕ್ಕಳದಂತೆ ಗುಳಿಬಿದ್ದಿದ್ದರೆ ಅದು ನೀರಿನ ದೋಷ. ಬಿಳಿ ಹುಳುಗಳು ಮಿಜಿಗುಡುತ್ತಿದ್ದರೆ ಹಣ್ಣುನೊಣದ ಕಾಟ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಮೂರಕ್ಕೂ ಒಂದೇ ಡಬ್ಬಿ ತಂದು ಹೊಡೆಯುವುದೆಂದರೆ ಹಲ್ಲುನೋವಿಗೂ ಕಾಲುಳುಕಿಗೂ ಒಂದೇ ಗುಳಿಗೆ ನುಂಗಿದ ಹಾಗೆ.

ನೀರಿನ ದೋಷವೆಂದರೆ ನೀರು ಕಡಿಮೆಯಾಯಿತೆಂದೇ ಅಲ್ಲ, ಸಮನಾಗಿಲ್ಲ ಎಂದು ಅರ್ಥ. ನಾವು ಮಾಡುವುದೇನು? ಕರೆಂಟು ಬಂದಾಗ ಗುಣಿ ಕೆರೆಯಾಗುವಷ್ಟು ಬಿಡುತ್ತೇವೆ, ಆಮೇಲೆ ಎಂಟು ದಿನ ಆ ಕಡೆ ತಲೆ ಹಾಕುವುದಿಲ್ಲ. ಸುಣ್ಣದ ಅಂಶ ನೀರಿನ ಜೊತೆಯಲ್ಲಿಯೇ ಬೇರಿನಿಂದ ಕಾಯಿಗೆ ಏರಬೇಕು. ನೀರು ನಿಂತರೆ ಅದೂ ನಿಲ್ಲುತ್ತದೆ, ಬೆಳೆಯುತ್ತಿರುವ ತುದಿ ಮೊದಲು ಸಾಯುತ್ತದೆ. ಮಣ್ಣಿನಲ್ಲಿ ಸುಣ್ಣವಿದ್ದರೂ ಹೀಗಾಗುತ್ತದೆ. ಮಳೆ ಹೆಚ್ಚಾಗಿ ಬೀಳುವ ಜೋಯಿಡಾ, ದಾಂಡೇಲಿಯ ಕಡೆಯ ಹುಳಿ ಮಣ್ಣಿನಲ್ಲಿ ಸುಣ್ಣವೇ ತೊಳೆದುಹೋಗಿರುವುದೂ ಉಂಟು, ಅಂಥ ಕಡೆ ಪರೀಕ್ಷೆ ಮಾಡಿಸಿ ಮಳೆಗಾಲಕ್ಕೆ ಮೊದಲೇ ಸುಣ್ಣ ಹಾಕಬೇಕು. ಕಾಯಿ ಬಂದ ಮೇಲೆ ಗುಣಿಗೆ ಸುಣ್ಣ ಸುರಿದರೆ ಆ ವರ್ಷಕ್ಕೆ ಏನೂ ಪ್ರಯೋಜನವಿಲ್ಲ.

ಒಣಗಿದ ಬಳ್ಳಿಗೆ ಒಮ್ಮೆಲೇ ನೀರು ಬಿಟ್ಟರೆ ಆಗುವ ಇನ್ನೊಂದು ಅನಾಹುತ ಹಣ್ಣು ಬಿರಿಯುವುದು. ತಿರುಳು ನೀರು ಕುಡಿದು ಒಮ್ಮೆಗೇ ಹಿಗ್ಗುತ್ತದೆ, ಸಿಪ್ಪೆ ಹಿಗ್ಗುವುದಿಲ್ಲ. ಏಪ್ರಿಲಿನ ಅಡ್ಡಮಳೆ ಬಿದ್ದ ಮರುದಿನ ಗದ್ದೆ ತುಂಬ ಬಾಯಿಬಿಟ್ಟ ಹಣ್ಣು ನೋಡಿದವರು ಇಲ್ಲಿ ಎಷ್ಟು ಜನರಿಲ್ಲ? ಮಳೆಯನ್ನು ತಡೆಯಲಾಗದು, ಆದರೆ ಬಿತ್ತನೆಯ ದಿನವನ್ನು ಆರಿಸಿಕೊಳ್ಳಬಹುದು. ಮುಂಡಗೋಡ, ಹಳಿಯಾಳದವರು ಡಿಸೆಂಬರ್ ಕೊನೆಯಿಂದ ಜನವರಿ ನಡುವಿನೊಳಗೆ ಬಿತ್ತಿದರೆ ಸುಮಾರು ಮೂರು ತಿಂಗಳಿಗೆ, ದೊಡ್ಡ ಅಡ್ಡಮಳೆಗಳಿಗೆ ಮುಂಚೆಯೇ, ಹಣ್ಣಿನ ಬಹುಪಾಲು ಕೈಗೆ ಬರುತ್ತದೆ. ಚಳಿಗೆ ಬೀಜ ಮೊಳೆಯುವುದಿಲ್ಲ ಎನ್ನುವವರು ಬೀಜವನ್ನು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಲೆಯ ಹತ್ತಿರದ ಬೆಚ್ಚಗಿನ ಮೂಲೆಯಲ್ಲಿಟ್ಟು, ಮೊಳಕೆ ಕಂಡ ಮೇಲೆ ಊರಬೇಕು. ಗುಣಿಯ ಸುತ್ತ ಭತ್ತದ ಹುಲ್ಲು ಹೊದಿಸಿದರೆ ತೇವ ಒಂದೇ ಸಮ ಇರುತ್ತದೆ, ಕಾಯಿಯೂ ಮಣ್ಣಿಗೆ ತಾಗಿ ಕೊಳೆಯುವುದಿಲ್ಲ.

ಈ ಬಳ್ಳಿಯ ಮೂಲ ಆಫ್ರಿಕ. ಈಜಿಪ್ಟಿನಲ್ಲಿ ಸುಮಾರು 3,300 ವರ್ಷಗಳ ಹಿಂದೆ ತೀರಿಕೊಂಡ ಟೂಟಂಖಾಮನ್ ಎಂಬ ಅರಸನ ಸಮಾಧಿಯಲ್ಲಿ ಇದರ ಬೀಜ ಸಿಕ್ಕಿವೆ. ಸುಡುವ ಬಿಸಿಲಿನ, ಒಣ ಗಾಳಿಯ ನಾಡಿನ ಗಿಡವಾದ್ದರಿಂದ ಬೇರಿಗೆ ತೇವ ಬೇಕು, ಎಲೆ ಒದ್ದೆಯಾಗುವುದು ಬೇಡ. ಸಂಜೆ ಕೊಡದಲ್ಲಿ ನೀರು ತಂದು ಎಲೆಯ ಮೇಲೆಲ್ಲ ಚಿಮುಕಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಎಲೆಚುಕ್ಕೆಯ ರೋಗಗಳನ್ನು ಕರೆತರುವುದು ಅದೇ.

ಹಣ್ಣುನೊಣದ ಮಾತಿಗೆ ಬರೋಣ. ಇದು ನಿಜವಾದ ಶತ್ರು. ಹೆಣ್ಣು ನೊಣ ಎಳೆಕಾಯಿಯನ್ನು ಚುಚ್ಚಿ ಮೊಟ್ಟೆ ಇಡುತ್ತದೆ, ಚುಚ್ಚಿದಲ್ಲಿ ಗೋಂದಿನಂಥ ರಸ ಒಸರುತ್ತದೆ. ಒಳಗೆ ಹುಳುವಾಗಿ, ಕಾಯಿ ಕೊಳೆತು ಬಿದ್ದ ಮೇಲೆ ಮಣ್ಣಿಗಿಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ. ಹುಳು ಕಾಯಿಯೊಳಗಿರುವಾಗ ಮೇಲಿಂದ ಹೊಡೆದ ಔಷಧ ಅದಕ್ಕೆ ಮುಟ್ಟುವುದೆಲ್ಲಿಂದ? ಬಿದ್ದ ಕಾಯಿಗಳನ್ನು ದಿನವೂ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ನಾಲ್ಕೈದು ದಿನ ಬಿಸಿಲಿಗಿಡಿ, ಇಲ್ಲವೇ ಎರಡಡಿ ಆಳದಲ್ಲಿ ಹೂಳಿ. ತಿಪ್ಪೆಗೆ ಎಸೆದರೆ ಅಲ್ಲಿಂದಲೇ ನೂರಾರು ನೊಣ ಹಾರಿ ಬರುತ್ತವೆ. ನಾಲ್ಕು ಗುಣಿಯವರು ಮಿಡಿ ನಿಂಬೆ ಗಾತ್ರಕ್ಕೆ ಬಂದೊಡನೆ ಹಳೆಯ ಪತ್ರಿಕೆಯ ಹಾಳೆಯಿಂದ ಸುತ್ತಿಟ್ಟರೆ ಸಾಕು.

ಗದ್ದೆಯವರಿಗೆ ಮೋಹಕ ಬಲೆ ಸಿಗುತ್ತದೆ, ಗಂಡು ನೊಣ ವಾಸನೆಗೆ ಬಂದು ಅದರೊಳಗೆ ಸಾಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಮಾವಿನ ನೊಣದ ಬಲೆಗೆ ಹಾಕುವ ಬಿಲ್ಲೆ ಬೇರೆ, ಬಳ್ಳಿ ತರಕಾರಿಯ ನೊಣಕ್ಕೆ ಹಾಕುವ ಬಿಲ್ಲೆ ಬೇರೆ. ಮಾವಿನದು ಮಿಥೈಲ್ ಯೂಜಿನಾಲ್, ನಮಗೆ ಬೇಕಾದದ್ದು ಕ್ಯೂ-ಲೂರ್. ಒಂದು ಹಂಗಾಮೆಲ್ಲ ಮಾವಿನ ಬಿಲ್ಲೆಯನ್ನೇ ಕಲ್ಲಂಗಡಿ ಗದ್ದೆಯಲ್ಲಿ ತೂಗುಹಾಕಿ, ಬಲೆ ತುಂಬಿದೆ, ಆದರೂ ಕಾಯಿ ಕೊಳೆಯುತ್ತದಲ್ಲ ಎಂದು ತಲೆ ಕೆಡಿಸಿಕೊಂಡವರನ್ನು ಬಲ್ಲೆ. ಕೊಳ್ಳುವಾಗ ಹೆಸರು ಓದಿಸಿಕೊಳ್ಳಿ.

ರೋಗಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೆ ಬೂದಿರೋಗ. ಬಿರುಬಿಸಿಲಿನಲ್ಲಿ ಗಂಧಕ ಹೊಡೆದರೆ ಎಲೆ ಸುಟ್ಟುಹೋಗುತ್ತದೆ, ಆದುದರಿಂದ ಕೇಳಿಕೊಂಡೇ ಹೊಡೆಯಬೇಕು. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಮಾಣಿಕ್ ಎಂಬ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್ ಅಲ್ಲದ ಕಾರಣ ಬೀಜ ಹಿಡಿದಿಟ್ಟು ಮರುವರ್ಷ ಬಿತ್ತಲೂಬಹುದು, ಹತ್ತಿರದಲ್ಲಿ ಬೇರೆ ಕಲ್ಲಂಗಡಿ ಇರಬಾರದು ಅಷ್ಟೆ. ಸಂತೆಯಲ್ಲಿ ತಂದು ತಿಂದ ಹೈಬ್ರಿಡ್ ಹಣ್ಣಿನ ಬೀಜ ಬಿತ್ತಿ, ಅಂಥದೇ ಹಣ್ಣು ಬರಲಿಲ್ಲವೆಂದು ಮಣ್ಣನ್ನು ಬೈಯಬೇಡಿ. ಪಕ್ಕದಲ್ಲಿ ಹಾಗಲ, ಸೌತೆ ಇದ್ದುದರಿಂದ ಕಲ್ಲಂಗಡಿ ಸಪ್ಪೆಯಾಯಿತು ಎಂದು ಒಬ್ಬರು ಬರೆದಿದ್ದಾರೆ. ಹಾಗಾಗುವುದಿಲ್ಲ, ಅವು ಇದರೊಡನೆ ಕೂಡುವ ಜಾತಿಗಳೇ ಅಲ್ಲ.

ಕುಡಿ ನೆಟ್ಟಗೆ ನಿಂತು, ಕಂದಾಗಿ, ತುದಿಯಿಂದ ಹಿಂದಕ್ಕೆ ಸಾಯುತ್ತಾ ಬಂದರೆ ಅದು ನಂಜುರೋಗ. ಕಣ್ಣಿಗೆ ಕಾಣುವುದೇ ಕಷ್ಟವಾಗುವಷ್ಟು ಸಣ್ಣ ಥ್ರಿಪ್ಸ್ ನುಸಿ ಹರಡುತ್ತದೆ. ಹತ್ತಿದ ಬಳ್ಳಿಗೆ ಮದ್ದಿಲ್ಲ. ಕಂಡ ದಿನವೇ ಕಿತ್ತು ಹೂಳುವುದೊಂದೇ ದಾರಿ, ಹೊಟ್ಟೆ ಉರಿದರೂ ಕೀಳಬೇಕು. ಎಲೆಗಳು ಹಗಲು ಬಾಡಿ ಸಂಜೆ ಚೇತರಿಸಿ, ಕೊನೆಗೆ ಬಳ್ಳಿಯೇ ಒಣಗಿದರೆ ಕಾಂಡ ಸೀಳಿ ನೋಡಿ. ಒಳಗೆ ಕಂದು ಗೆರೆ ಇದ್ದರೆ ಸೊರಗು ರೋಗ. ಅದರ ಬೀಜಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮಳೆಗಾಲದಲ್ಲಿ ನೀರು ನಿಂತು ಭತ್ತ ಬೆಳೆಯುವ ಗದ್ದೆಯಲ್ಲಿ ಅದರ ಬಲ ಕುಗ್ಗುತ್ತದೆ, ಹಿತ್ತಲಿನ ಒಣ ಮಣ್ಣಿನಲ್ಲಿ ಕುಗ್ಗುವುದಿಲ್ಲ. ಹಿತ್ತಲಿನವರು ಒಂದೇ ಮೂಲೆಯಲ್ಲಿ ವರ್ಷವರ್ಷವೂ ಬೀಜ ಊರದೆ ಜಾಗ ಬದಲಿಸಬೇಕು. ಹೆಚ್ಚಿನ ಸಂದೇಹವಿದ್ದರೆ ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಬಳಿಯ ರೈತ ಸಂಪರ್ಕ ಕೇಂದ್ರ ಇನ್ನೂ ಹತ್ತಿರ. ಬರಿಗೈಯಲ್ಲಿ ಹೋಗಿ ಬಾಯಲ್ಲಿ ವರ್ಣಿಸಬೇಡಿ, ಬಳ್ಳಿಯನ್ನೇ ಬೇರುಸಮೇತ ಚೀಲದಲ್ಲಿ ಕಟ್ಟಿಕೊಂಡು ಹೋಗಿ.

ಹಂದಿ, ನರಿ, ನವಿಲಿನ ಬಗ್ಗೆ ಬಂದ ಚೀಟಿಗಳು ಬಹಳ ಇವೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಊರುಗಳಿಗೆ ಈ ಕಾಟ ಹೊಸದಲ್ಲ. ಕಾಯಿಯ ಮೇಲೆ ಒಣ ಹುಲ್ಲು ಮುಚ್ಚಿ, ಮುಳ್ಳುಬೇಲಿ ಕಟ್ಟಿ, ಹಣ್ಣಾಗುವ ಹದಿನೈದು ದಿನ ಅಟ್ಟ ಕಟ್ಟಿ ಕಾಯುವುದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿಯದು. ಬೇಲಿಯ ತಂತಿಗೆ ಮನೆಯ ಕರೆಂಟು ಕೊಡುವವರಿದ್ದಾರೆ. ಅದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಕತ್ತಲಲ್ಲಿ ಆ ತಂತಿಗೆ ಮೊದಲು ತಾಗುವುದು ಹಂದಿಯೇ ಎಂದು ಯಾರು ಹೇಳಬಲ್ಲರು? ನೀರು ಬಿಡಲು ಬಂದ ನಿಮ್ಮ ಮಗನೇ ಆಗಬಹುದು.

ಕೊನೆಗೆ ಸಿಹಿಯ ಮಾತು. ಹಣ್ಣಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಉಳಿದ ಸ್ವಲ್ಪದಲ್ಲೇ ಸಕ್ಕರೆ ಇರಬೇಕು. ಆ ಸಕ್ಕರೆಯನ್ನು ಮಾಡುವುದು ಎಲೆ. ಒಂದು ಬಳ್ಳಿಗೆ ಆರು ಕಾಯಿ ಬಿಟ್ಟರೆ ಆರೂ ಸಪ್ಪೆ. ಚೆನ್ನಾಗಿ ರೂಪುಗೊಂಡ ಎರಡು ಮೂರನ್ನು ಉಳಿಸಿ, ಮಿಕ್ಕ ಮಿಡಿಗಳನ್ನು ಕಿತ್ತು ಪಲ್ಯ ಮಾಡಿ. ಕೀಳುವ ಒಂದು ವಾರ ಮೊದಲೇ ನೀರನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುತ್ತ ಬನ್ನಿ. ಅದಕ್ಕಿಂತ ದೊಡ್ಡ ತಪ್ಪು ಅವಸರದ್ದು. ಬಳ್ಳಿಯಿಂದ ಬಿಡಿಸಿದ ಮೇಲೆ ಕಲ್ಲಂಗಡಿ ಮಾವಿನ ಹಾಗೆ ಅಡೆಯಲ್ಲಿ ಸಿಹಿಯಾಗುವುದಿಲ್ಲ. ಹೂ ಕಟ್ಟಿದ ದಿನದಿಂದ ಮೂವತ್ತೈದು ನಲವತ್ತು ದಿನ ಎಣಿಸಿ. ಕ್ಯಾಲೆಂಡರಿನ ಗುರುತು ಇದಕ್ಕಾಗಿಯೇ. ಆಮೇಲೆ ಹಣ್ಣಿನ ತೊಟ್ಟು ಕೂಡುವ ಗಿಣ್ಣಿನಲ್ಲಿಯೇ ಇರುವ ಸುರುಳಿ ಎಳೆಯನ್ನು ನೋಡಿ, ಅದು ಪೂರ್ತಿ ಒಣಗಿರಬೇಕು. ಹಣ್ಣನ್ನು ಹೊರಳಿಸಿ ನೆಲಕ್ಕೆ ತಾಗಿದ ಹೊಟ್ಟೆ ನೋಡಿ, ಬಿಳಿ ಹೋಗಿ ಬೆಣ್ಣೆಯ ಹಳದಿ ಬಂದಿರಬೇಕು. ಬೆರಳಿನಿಂದ ತಟ್ಟಿದರೆ ಕಾಯಿ ಟಣ್ ಎನ್ನುತ್ತದೆ, ಹಣ್ಣು ದೊಬ್ ಎನ್ನುತ್ತದೆ. ಆದರೆ ತಟ್ಟಿ ಹೇಳುವುದನ್ನು ನಾನಿನ್ನೂ ಪೂರ್ತಿ ಕಲಿತಿಲ್ಲ. ಅಕ್ಕ ಇಂದಿಗೂ ನಾನು ತಟ್ಟಿ ಆರಿಸಿದ್ದನ್ನು ಬದಿಗಿಟ್ಟು, ಸುರುಳಿ ಒಣಗಿದ್ದನ್ನೇ ಕೀಳುತ್ತಾಳೆ.

ನಾಳೆ ಬೆಳಗ್ಗೆ ಏಳೂವರೆಗೆ ನನ್ನ ಗದ್ದೆಗೆ ಬರುವವರು ಬರಬಹುದು. ಈಗ ಹೆಣ್ಣು ಹೂ ಬಿಡುವ ಕಾಲ, ಕೈಯಿಂದ ಸವರುವುದನ್ನು ಮಾಡಿ ತೋರಿಸುತ್ತೇನೆ. ಎಂಟೂವರೆಯ ಮೇಲೆ ಬಂದರೆ ಜೇನು ಮಾಡುವುದನ್ನು ನೋಡುವಿರಂತೆ.